ಲಾರಿ ಸರದಿಗೆ ಬಂದ ಮುಯ್ಯಾಳುಗಳು

ಅರವತ್ತರ ದಶಕದ ಆರಂಭ. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಸಾಗರ, ಹೊಸನಗರ ತಾಲ್ಲೂಕುಗಳ ಮುಳುಗಡೆ ಹಳ್ಳಿಗಳಿಂದ ಎದ್ದು ಬಂದ ಕುಟುಂಬಗಳು ಹೊಸ ಊರಿಗೆ ಲಾರಿ ಸಿಗುವವರೆಗೆ ತಂಗಲೆಂದು ಹೊಸನಗರದ ಕಡೆ ತಗಡಿನ ಶೆಡ್ಡುಗಳ ಒಂದು ಕ್ಯಾಂಪ್ ಇತ್ತು. ನಾನು ಅಲ್ಲಿ ಹೆಲ್ತ್ ವಿಸಿಟರ್. ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವುದು, ಸಿಡುಬು ಬಾರದಂತೆ ಮೈಲಿ ಹಾಕುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚು ನೋಡಬೇಡ ಎಂದು ಯಾರೂ ಹೇಳಿರಲಿಲ್ಲ, ಸದ್ಯ.

ಅಣೆಕಟ್ಟಿನ ಕೂಲಿ ಗಂಡಸರಿಗೆ ಮಾಡಿದ್ದ ನಕ್ಷೆಯಂತೆಯೇ ಈ ಕ್ಯಾಂಪನ್ನೂ ಕಟ್ಟಿದ್ದರು. ಸ್ನಾನಕ್ಕೆ ಬಯಲಲ್ಲಿ ಒಂದು ತೊಟ್ಟಿ. ಅದರ ಎದುರಿಗೇ ಲಾರಿ ಸರದಿ ಕೊಡುವ ಮೇಲ್ವಿಚಾರಕನ ಗೋಡೌನ್. ಹೆಂಗಸರು ಉಟ್ಟ ಸೀರೆಯಲ್ಲೇ ನಾಲ್ಕು ತಂಬಿಗೆ ನೀರು ಹೊಯ್ದುಕೊಂಡು ಓಡುತ್ತಿದ್ದರು. ನಕ್ಷೆ ಬರೆದ ಪುಣ್ಯಾತ್ಮನ ಮನೆಯಲ್ಲಿ ಹೆಂಗಸರೇ ಇರಲಿಲ್ಲವೇನೋ! ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಬಂಗಾರಮ್ಮ ಎಂಬ ಎಳೆಯ ಹೆಂಗಸು ದಿನವೂ ತಲೆನೋವಿನ ಮಾತ್ರೆಗೆ ಬರುತ್ತಿದ್ದಳು. ಗಂಡ ಹೊಸ ಜಾಗದಲ್ಲಿ ಗುಡಿಸಲು ಹಾಕಲು ಮೊದಲೇ ಹೋಗಿದ್ದ. ಜೊತೆಗಿದ್ದ ಅತ್ತೆ ಹಾಸಿಗೆ ಹಿಡಿದಿದ್ದಳು. ಒಂದು ದಿನ ಮಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಅತ್ತುಬಿಟ್ಟಳು. ಊಟದ ಹೊತ್ತಿನಲ್ಲಿ ಒಬ್ಬಳೇ ಗೋಡೌನಿಗೆ ಬಂದರೆ ಮಾತ್ರ ಲಾರಿ ಎಂದು ಮೇಲ್ವಿಚಾರಕ ಹೇಳಿದ್ದನಂತೆ. ಒಮ್ಮೆ ಕೈ ಹಿಡಿದು ಎಳೆದೂ ಇದ್ದನಂತೆ.

"ಹಿಂದೆ ಹೋಗನ ಅಂದ್ರೆ ಮನೆ ಕೆಡವಿ ಬಂದೀವಿ. ಮುಂದೆ ಹೋಗಾಕೆ ಇವ್ನು ಬಿಡಲ್ಲ. ಎಂತ ಮಾಡ್ಲಿ ನರ್ಸಮ್ಮಾ?"

ಹೆಸರು ಹೇಳದೆ ಕ್ಯಾಂಪ್ ಅಧಿಕಾರಿಯ ಬಳಿ ವಿಷಯ ಎತ್ತಿದೆ. ಅವರು ಕೆಟ್ಟವರಲ್ಲ, ನಿಯಮದ ಮನುಷ್ಯ. "ದೂರು ಕೊಡೋರು ಮುಂದೆ ಬರಲಿ, ನಾಳೆಯೇ ವಿಚಾರಣೆ ಮಾಡ್ತೀನಿ" ಎಂದರು. ವಿಚಾರಣೆ ಎಂದರೆ ಇಡೀ ಕ್ಯಾಂಪಿನ ಎದುರು. ಕೇಳಿ ಬಂಗಾರಮ್ಮ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ನರ್ಸಮ್ಮಾ. ನಾನೇ ಕೆಟ್ಟೋಳಾಗ್ತೀನಿ. ಗಂಡ ಮನೆಗೆ ಸೇರ್ಸಲ್ಲ." ಸೀರೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೀರೆಯ ಮೇಲೆ ಬಿದ್ದರೂ ಹರಿಯುವುದು ಸೀರೆಯೇ.

"ಇಲ್ಲಿ ನೀನು ನಂಬೋರು ಯಾರಿದ್ದಾರೆ?" ಎಂದು ಕೇಳಿದೆ. ಹುಚ್ಚಮ್ಮನ ಹೆಸರು ಹೇಳಿದಳು. ಹಳೆಯ ಊರಿನಲ್ಲಿ ಭತ್ತದ ನಟ್ಟಿಗೆ ಮುಯ್ಯಾಳು ಕೂಡಿಸುತ್ತಿದ್ದ ಹಿರಿಯಳು. ಮುಯ್ಯಾಳು ಎಂದರೆ ಕೂಲಿಯಿಲ್ಲದ ಆಳು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕರೆ ಬಂದರೆ ಹೋಗುವುದಷ್ಟೇ, ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಬಂಗಾರಮ್ಮನ ಒಪ್ಪಿಗೆ ಪಡೆದು ಹುಚ್ಚಮ್ಮನಿಗೆ ವಿಷಯ ತಿಳಿಸಿದೆ. ಅವಳು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಎದ್ದಳು. ಯಾರ ಹೆಸರನ್ನೂ ಎತ್ತದೆ ಶೆಡ್ಡು ಶೆಡ್ಡಿಗೆ ಹೋಗಿ ಮುಯ್ಯಿಗೆ ಕರೆದಳು.

ಮರುದಿನ ಊಟದ ಹೊತ್ತಿಗೆ ಹೆಂಗಸರೆಲ್ಲ ಗೋಡೌನಿನ ಮುಂದೆ ನಿಂತಿದ್ದರು.

"ಒಬ್ಬೊಬ್ರೇ ಬನ್ನಿ!" ಮೇಲ್ವಿಚಾರಕ ಗದರಿದ.

"ಒಬ್ಬೊಬ್ರೇ ಹೋಗಿ ನಮ್ಗೆ ರೂಢಿ ಇಲ್ಲ ಸ್ವಾಮಿ," ಎಂದಳು ಹುಚ್ಚಮ್ಮ. "ಎಲ್ರ ಸರದಿನೂ ಎಲ್ರ ಎದುರೇ ಹೇಳಿ."

ಗದ್ದಲ ಕೇಳಿ ಅಧಿಕಾರಿ ಬಂದರು. ಇದು ಯಾರ ಹೆಸರೂ ಬೇಕಿಲ್ಲದ ಬೇಡಿಕೆ, ಸುಲಭವಾಗಿ ಒಪ್ಪಿದರು. ಅಂದಿನಿಂದ ಸರದಿಯನ್ನು ಅವರೇ ಬಯಲಲ್ಲಿ ನಿಂತು ಕೂಗಿ ಹೇಳತೊಡಗಿದರು. ಕಾದ ಕಬ್ಬಿಣ ಆರುವ ಮೊದಲೇ ನಾನು ತೊಟ್ಟಿಯ ಸುತ್ತ ಮರೆಗೆ ಬಿದಿರಿನ ತಟ್ಟಿಯನ್ನೂ ಕಟ್ಟಿಸಿಕೊಂಡೆ. ಆ ವಾರವೇ ಬಂಗಾರಮ್ಮ ಅತ್ತೆಯನ್ನು ಕರೆದುಕೊಂಡು ಲಾರಿ ಹತ್ತಿದಳು. ಆ ಮನುಷ್ಯನಿಗೆ ಮಾತ್ರ ಯಾವ ಶಿಕ್ಷೆಯೂ ಆಗಲಿಲ್ಲ. ಆ ಸಂಕಟ ನನಗೆ ಇಂದಿಗೂ ಇದೆ.

ಲಾರಿ ಹೋದ ಮೇಲೆ ಎಲ್ಲರೂ ಚದುರಿದರು. ಒಬ್ಬಳು ಮಾತ್ರ ಹುಚ್ಚಮ್ಮನ ಹತ್ತಿರ ನಿಂತೇ ಇದ್ದಳು. ದೊಡ್ಡ ಮಕ್ಕಳ ತಾಯಿ. ನನ್ನ ಕಡೆ ನೋಡದೆ ಮೆಲ್ಲಗೆ ಕೇಳಿದಳು: "ಹೋದ ವಾರವೇ ಯಾಕೆ ಮುಯ್ಯಿಗೆ ಕರೀಲಿಲ್ಲ ಹುಚ್ಚಕ್ಕಾ?"

ಹುಚ್ಚಮ್ಮ ಅವಳನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನು ಯಾವ ಕ್ಯಾಂಪಿಗೆ ಹಾಕಿದರೂ ಮೊದಲ ದಿನವೇ ಹೆಂಗಸರನ್ನೆಲ್ಲ ಕೂಡಿಸುತ್ತಿದ್ದೆ. ದೂರು ಬರಲಿ ಎಂದು ನಾವು ಕಾಯುವಷ್ಟರಲ್ಲಿ ಯಾರೋ ಒಬ್ಬಳು ಒಂಟಿಯಾಗಿ ಹೋಗಿ ಬಂದಿರುತ್ತಾಳೆ.