ತೊಗಲು ಚೆಂಡು ಬಿಟ್ಟ ಪಾಯಪ್ಪ

ಜಮಖಂಡಿಯಲ್ಲಿ ಇನ್ನೂ ರಾಜರು ಆಳುತ್ತಿದ್ದ ದಿನಗಳವು. ಅರಮನೆಯ ಕಡೆಯಿಂದ ಕುದುರೆ ಗಾಡಿ ಬಂತೆಂದರೆ ನಾವು ಹುಡುಗರು ಆಟ ನಿಲ್ಲಿಸಿ ರಸ್ತೆಯ ಬದಿಗೆ ಸಾಲಾಗಿ ನಿಲ್ಲುತ್ತಿದ್ದೆವು. ಆ ಗಾಡಿ ಕಪ್ಪಗಿತ್ತೆಂದು ನಾನು ಹೇಳುತ್ತೇನೆ; ನಮ್ಮಕ್ಕ ಅದು ಹಸಿರು ಎನ್ನುತ್ತಿದ್ದಳು. ಆದ್ದರಿಂದ ನಾನು ಹೇಳುವ ಬಣ್ಣಗಳನ್ನು ನೀವು ಪೂರ್ತಿ ನಂಬಬೇಕಾಗಿಲ್ಲ. ಪಾಯಪ್ಪನ ವಿಷಯ ಮಾತ್ರ ಎಷ್ಟು ಅಲುಗಿಸಿ ನೋಡಿದರೂ ಇದ್ದಲ್ಲಿಯೇ ಇದೆ.

ಆ ವರ್ಷ ನಮ್ಮ ಹೈಸ್ಕೂಲಿಗೆ ಹೊಸ ಡ್ರಿಲ್ ಮಾಸ್ತರರು ಬಂದರು. ನಮ್ಮ ಕಡೆಯವರೇ, ಮದ್ರಾಸಿನಲ್ಲಿ ಕಲಿತು ಬಂದಿದ್ದರು. ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಹುತುತು, ಖೋ ಖೋ, ಕುಸ್ತಿ. ಅವರು ಬಯಲಿನ ಎರಡು ತುದಿಗೂ ಕಂಬ ಹೂಳಿಸಿದರು, ಹಲಗೆ ಬಡಿಸಿದರು, ಕಂಬಾರನಿಂದ ಕಬ್ಬಿಣದ ಬಳೆ ಮಾಡಿಸಿ ತೂಗಿಸಿದರು. ಇದು ಬಾಸ್ಕೆಟ್‌ಬಾಲ್ ಎಂದರು. ಊರಿನ ಬಾಯಲ್ಲಿ ಅದು ಬುಟ್ಟಿ ಆಟವಾಯಿತು. ಸಂತೆಗೆ ಹೋಗುವವರು ತಲೆಯ ಮೇಲಿನ ಗಂಟು ಇಳಿಸದೆಯೇ ನಿಂತು ನೋಡಿ, "ಬುಟ್ಟಿಗೆ ತಳಾನ ಇಲ್ಲಲ್ಲೋ ತಮ್ಮಾ, ಚೆಂಡ ನಿಂದರೂದು ಹೆಂಗ?" ಎಂದು ನಗುತ್ತಿದ್ದರು.

ಚೆಂಡು ಮುಂಬಯಿಯಿಂದ ಬಂತು. ಹಳದಿ ತೊಗಲಿನದು, ನಡುವೆ ಬೂಟಿನ ಹಾಗೆ ಲಾಡಿ ಕಟ್ಟಿದ್ದು. ಬಿಸಿಲಿಗೆ ಕಾದಾಗ ಅದರಿಂದ ಎಣ್ಣೆ ಮತ್ತು ಹೊಸ ಮೆಟ್ಟಿನ ವಾಸನೆ ಬರುತ್ತಿತ್ತು. ಕೈ ತೊಳೆದುಕೊಂಡರೂ ರಾತ್ರಿ ರೊಟ್ಟಿ ಮುರಿಯುವಾಗ ಬೆರಳುಗಳಲ್ಲಿ ಆ ವಾಸನೆ ಇರುತ್ತಿತ್ತು. ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರ ಮನೆದೇವರು. ಉಣ್ಣೆ ತೊಗಲುಗಳ ನಡುವೆ ಬೆಳೆದ ನನಗೆ ಅದರಿಂದ ತೊಂದರೆಯಿರಲಿಲ್ಲ. ಪಾಯಪ್ಪ ಜೈನರ ಹುಡುಗ. ಅವರ ಮನೆಯಲ್ಲಿ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುತ್ತಿದ್ದರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದರು. ತೊಗಲು ಮುಟ್ಟಿ ಬಂದವನು ಮಿಂದೇ ಒಳಗೆ ಹೋಗಬೇಕು. ಅವನು ದಿನಾ ಆಟ ಮುಗಿಸಿ ಬಾವಿಯಲ್ಲಿ ಮಿಂದು ಮನೆಗೆ ಹೋಗುತ್ತಿದ್ದ. ಅವನ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಕೆ, "ನನ್ನ ಮೊಮ್ಮಗಗ ಎಷ್ಟ ಮಡಿ ನೋಡ್ರಿ, ದಿನಾ ಸಂಜಿಮುಂದ ಜಳಕಾ ಮಾಡ್ತಾನ" ಎಂದು ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದಳು.

ಮುಧೋಳದ ಹುಡುಗರೊಂದಿಗೆ ದೀಪಾವಳಿ ಮುಗಿದ ಮೇಲೆ ಪಂದ್ಯವೆಂದು ಗೊತ್ತಾಯಿತು. ಐವರ ತಂಡದಲ್ಲಿ ನಾಲ್ಕು ಜನ ನಿಕ್ಕಿಯಾಗಿದ್ದರು. ಉಳಿದದ್ದು ಮುಂದೆ ನಿಂತು ಬುಟ್ಟಿಗೆ ಹಾಕುವ ಫಾರ್ವರ್ಡನ ಒಂದು ಜಾಗ. ಅದಕ್ಕೆ ಇದ್ದವರು ಪಾಯಪ್ಪ ಮತ್ತು ನಾನು.

ನಾನು ಎತ್ತರ. ದಾರಿ ತಪ್ಪಿದ ಆಡಿಗೆ ಕಲ್ಲು ಬೀಸಿ ಬೀಸಿ ತೋಳು ಪಳಗಿತ್ತು. ದೂರದಿಂದ ಒಂದೇ ಕೈಯಲ್ಲಿ ಎಸೆಯುತ್ತಿದ್ದೆ. ಚೆಂಡು ಕೈಗೆ ಬಂದರೆ ಇನ್ನೊಬ್ಬನಿಗೆ ಕೊಡುವ ಮನಸ್ಸಾಗುತ್ತಿರಲಿಲ್ಲ. ಪಾಯಪ್ಪ ಗಿಡ್ಡ, ಸಣಕಲ. ಎದೆಯ ಹತ್ತಿರ ಎರಡೂ ಕೈಯಲ್ಲಿ ಚೆಂಡು ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆ ನಿಲ್ಲುವಿಕೆಗೆ ಎದುರಿನವನು ಮೋಸಹೋಗಿ ಮೇಲೆ ಹಾರಿಬಿಡುತ್ತಿದ್ದ. ಅವನು ಇಳಿಯುವಾಗ ಪಾಯಪ್ಪ ಚೆಂಡು ಬಿಡುತ್ತಿದ್ದ. ಅದು ಬಳೆಗೆ ತಾಗದೆ ಕೆಳಗಿಳಿಯುತ್ತಿತ್ತು. ಪ್ರತಿ ಸಲವೂ ಹಾಗೆಯೇ ಇಳಿದಿರಲಾರದು. ನನ್ನ ನೆನಪಿನಲ್ಲಿ ಅವನು ಒಮ್ಮೆಯೂ ತಪ್ಪುವುದಿಲ್ಲ. ನೆನಪಿನ ಮೇಲೆ ನನಗೆ ಅನುಮಾನ ಬರುವುದು ಇಂಥ ಕಡೆಯೇ.

"ಮಾಳ್ಯಾಗ ಕಸುವು ಐತಿ, ಪಾಯಪ್ಪಗ ತಾಳ್ಮಿ ಐತಿ. ಇಬ್ಬರನೂ ಕುಟ್ಟಿ ಒಬ್ಬನ್ನ ಮಾಡಿದ್ರ ಛಲೋ ಆಕ್ಕಿತ್ತು" ಎನ್ನುತ್ತಿದ್ದರು ಮಾಸ್ತರರು. "ದೀಪಾವಳಿ ಆದ ಕೂಡಲೇ ಇಬ್ಬರನೂ ಎದುರಾಬದುರು ಆಡಸ್ತೀನಿ. ಗೆದ್ದಾಂವ ಮುಧೋಳಕ್ಕ ಆಡ್ತಾನ."

ಅದೇ ಮಳೆಗಾಲ ಊರಿನ ಬಸದಿಯಲ್ಲಿ ದಿಗಂಬರ ಮುನಿಯೊಬ್ಬರು ಚಾತುರ್ಮಾಸಕ್ಕೆ ನಿಂತರು. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುವವರು. ಯಾವ ಮನೆಯ ಮುಂದೆ ನಿಲ್ಲುತ್ತಾರೆಂದು ಯಾರಿಗೂ ಮೊದಲೇ ತಿಳಿಯುತ್ತಿರಲಿಲ್ಲ. ಜೈನರ ಮನೆಮನೆಯ ಬಾಗಿಲಲ್ಲೂ ಜನ ಮಡಿಯುಟ್ಟು ಕಳಶ ಹಿಡಿದು ಕಾಯುತ್ತಿದ್ದರು. ಅವರು ನಿಂತ ಮನೆಯಲ್ಲಿ ಆಹಾರ ಕೊಡುವ ಪ್ರತಿಯೊಬ್ಬರೂ ಏನಾದರೊಂದನ್ನು ಬಿಡುತ್ತೇನೆಂದು ನೇಮ ಹಿಡಿಯಬೇಕು. ಎಷ್ಟು ದಿನ ಎಂದು ಅವರು ಕೇಳುತ್ತಿದ್ದರು. ಕೆಲವು ತಿಂಗಳೆಂದರೂ ನಡೆಯುತ್ತಿತ್ತು, ಜೀವ ಇರುವವರೆಗೆ ಎಂದರೂ ನಡೆಯುತ್ತಿತ್ತು. ಹೇಳುವುದು ಹಿಡಿಯುವವನಿಗೆ ಬಿಟ್ಟದ್ದು. ಯಾರಾದರೊಬ್ಬರು ಹಿಡಿಯದಿದ್ದರೂ ಅವರು ಉಣ್ಣದೆ ತಿರುಗಿ ಹೋಗುತ್ತಿದ್ದರು. ಅಂದು ಅವರಿಗೆ ಉಪವಾಸ.

ಆಯಿ ಬಹಳ ದಿನ ಕಾದಳು. ಮುನಿಗಳು ದಿನಾ ಆ ಓಣಿಯಲ್ಲಿಯೇ ಬಂದು ಮುಂದೆ ದಾಟಿ ಹೋಗುತ್ತಿದ್ದರು. ಆಕೆ ಕಳಶ ಇಳಿಸಿ ಒಳಗೆ ಹೋಗಿ ಕೂತುಬಿಡುತ್ತಿದ್ದಳು.

"ನಮ್ಮ ಮನೀಗೆ ಬಂದ್ರ ನನಗ ತೊಗಲ ಬಿಡು ಅಂತಾರ" ಎಂದ ಪಾಯಪ್ಪ ಒಮ್ಮೆ, ಬಾವಿಯ ಕಟ್ಟೆಯ ಮೇಲೆ ಕೂದಲು ಹಿಂಡಿಕೊಳ್ಳುತ್ತ. "ನಮ್ಮ ಓಣ್ಯಾಗ ಎಲ್ಲಾ ಹುಡುಗರಿಗೂ ಅದನ್ನ ಕೇಳ್ಯಾರ."

"ಮತ್ತ ಏನಂತೀ?"

"ದೀಪಾವಳಿತನಕ ಅಂತೀನಿ. ಪಂದ್ಯದಾಗ ಆಡಾಕ ಏನೂ ಅಡ್ಡಿಲ್ಲ." ಆಮೇಲೆ ನನ್ನತ್ತ ತಿರುಗಿ ಹಲ್ಲು ಕಿರಿದ. "ನೀ ಭಾಳ ಖುಷಿ ಪಡಬ್ಯಾಡಲೇ."

ಮುನಿಗಳು ಅವರ ಮನೆಯ ಮುಂದೆ ನಿಂತ ದಿನ ನಾನು ಓಣಿಯಲ್ಲಿದ್ದೆ. "ನಮೋಸ್ತು, ನಮೋಸ್ತು, ತಿಷ್ಠ ತಿಷ್ಠ" ಎಂಬ ಆಯಿಯ ದನಿ ಕೇಳಿಸಿತು. ಒಳಗೆ ನಡೆದದ್ದನ್ನು ನಾನು ಕಂಡಿಲ್ಲ, ಪಾಯಪ್ಪ ಹೇಳಿದ್ದು. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಆಡಿಸಿ ಆಡಿಸಿ ಈಗ ಕಣ್ಣಾರೆ ಕಂಡಂತೆಯೇ ಆಗಿದೆ.

"ತೊಗಲು ಬಿಡ್ತೀಯಾ?" ಎಂದು ಕೇಳಿದರಂತೆ ಮುನಿಗಳು.

"ಬಿಡ್ತೇನ್ರಿ."

"ಎಷ್ಟು ದಿನ?"

ಹೇಳಬೇಕಾದ ಮಾತು ಬಾಯಲ್ಲಿಯೇ ಇತ್ತಂತೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಆಯಿಯನ್ನು ನೋಡಿದ. ಕಾದು ಕಾದು ಸೋತಿದ್ದ ಮುದುಕಿಯ ಕೈಯಲ್ಲಿ ಕಳಶ ವಾಲಿ ನೀರು ಸೀರೆಯ ಮೇಲೆ ತುಳುಕುತ್ತಿತ್ತು. ಇವನು ತಡೆದದ್ದು ನೋಡಿ ಮುನಿಗಳು ತಿರುಗಿ ಹೋಗುತ್ತಾರೇನೋ ಎಂದು ಆಕೆಯ ಮುಖ ಬಿಳಿಚಿತ್ತು.

"ಜೀವ ಇರೋತನಕ ಅಂದ್ಬಿಟ್ಟೆ ಮಾಳ್ಯಾ" ಎಂದ ನನಗೆ, ಸಂಜೆ. "ಹೆಂಗ ಬಂತೋ ಬಾಯಾಗ."

"ಹೋಗಿ ತಪ್ಪಾತ್ರಿ ಅಂತ ಹೇಳು."

"ಅವ್ರು ಉಂಡಾರಲಾ."

ಮುಂದೆ ಪುಣೆಯಲ್ಲಿ ತರ್ಕಶಾಸ್ತ್ರ ಓದಿದೆ; ಆ ಮಾತನ್ನು ಮುರಿಯುವ ವಾದ ಅಲ್ಲಿಯೂ ಸಿಗಲಿಲ್ಲ.

ತಂಡದ ಹುಡುಗರು ಉಪಾಯಕ್ಕೆ ಕೂತರು. ನಮ್ಮಲ್ಲಿ ಎಲ್ಲರಿಗಿಂತ ಉದ್ದನೆಯವನು ಬನಹಟ್ಟಿಯ ಈರಣ್ಣ, ನೇಕಾರರ ಹುಡುಗ, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. "ಚೆಂಡಿಗೆ ಅಂಗಿ ಹೊಲಿಯೂಣು. ಇಂವ ಅರಿವಿ ಮುಟ್ತಾನ, ತೊಗಲ ಎಲ್ಲಿ ಮುಟ್ಟಿದಂಗಾತು?" ಎಂದ. ಊರಿಗೆ ಹೋಗಿ ಮಗ್ಗದಿಂದ ಉಳಿದ ಸೀರೆಯ ತುಂಡು ತಂದ. ಚೆಂಡಿಗೆ ಬಿಗಿಯಾಗಿ ಹೊದಿಸಿ ಹೊಲಿದ. ಕೆಂಪು ದಡಿ ಚೆಂಡಿನ ಸುತ್ತ ಬಂತು.

"ಮದಲಗಿತ್ತಿ ಕಂಡಂಗ ಕಾಣ್ತೈತಲ್ರೋ" ಎಂದು ಮಾಸ್ತರರು ನಕ್ಕರು. ನಂತರ ನಗು ನಿಲ್ಲಿಸಿ, "ಆತು. ಮುಧೋಳದವರು ಈ ಚೆಂಡಿಗೆ ಒಪ್ತಾರೇನ ಕೇಳಿ ನೋಡ್ತೀನಿ. ಮೊದಲ ಇವತ್ತ ಇಬ್ಬರೂ ಆಡ್ರಿ" ಎಂದರು.

ಮಳೆ ನಿಂತು ನೆಲ ಆರಿತ್ತು. ಅರಿವೆ ಸುತ್ತಿದ ಚೆಂಡು ಕೈಯಲ್ಲಿ ಜಾರುತ್ತಿತ್ತು, ಸರಿಯಾಗಿ ಪುಟಿಯುತ್ತಿರಲಿಲ್ಲ. ನಾನು ಬೈದುಕೊಳ್ಳುತ್ತ ಆಡಿದೆ. ಪಾಯಪ್ಪ ಬೈಯಲಿಲ್ಲ. ಅಷ್ಟು ವಾರ ಬಯಲಿನಂಚಿಗೆ ನಿಂತು ನೋಡಿದವನು ಅಂದು ಬೇರೆಯವನೇ ಆಗಿದ್ದ. ಎದೆಗೆ ಹಿಡಿದು ನಿಲ್ಲುವ ಆ ಗಳಿಗೆ, ನಾನು ಮೇಲೆ ಹಾರುವುದು, ಅವನು ಬಿಡುವುದು. ನನಗೆ ಗೊತ್ತಿದ್ದೂ ಹಾರುತ್ತಿದ್ದೆ. ನಾನು ದೂರದಿಂದ ಹಾಕಿ ಸರಿಮಾಡುತ್ತಿದ್ದೆ. ಈರಣ್ಣ ಕೂಗುತ್ತಿದ್ದ. ಇಬ್ಬರೂ ಸಮಕ್ಕೆ ಬಂದೆವು. ಮಾಸ್ತರರು, "ಇನ್ನ ಒಂದ. ಯಾರ ಹಾಕ್ತೀರಿ ಅವರದ ಜಾಗಾ" ಎಂದರು.

ಚೆಂಡು ಪಾಯಪ್ಪನ ಕೈಯಲ್ಲಿತ್ತು. ಎದೆಗೆ ಹಿಡಿದು ನಿಂತ. ಆ ಸಲ ನಾನು ಹಾರಲಿಲ್ಲ. ಅವನು ಬಿಡಲೂ ಇಲ್ಲ. ಬೆವರಿಗೆ ಅರಿವೆ ತೊಯ್ದು ತೊಗಲಿಗೆ ಅಂಟಿತ್ತು. ಒಳಗಿನ ಹಳದಿ ಬಣ್ಣ ಕಾಣುತ್ತಿತ್ತು. ಅದನ್ನೇ ನೋಡಿದ. ಮುಖದ ಹತ್ತಿರ ತಂದು ಮೂಸಿದ. ಬಾಗಿ, ಮಲಗಿದ ಕೂಸನ್ನು ಇಳಿಸುವ ಹಾಗೆ ನೆಲದ ಮೇಲಿಟ್ಟ.

"ಒಳಗ ತೊಗಲ ಐತ್ರಿ ಮಾಸ್ತರ" ಎಂದ.

"ಯಾಕೋ, ಹಾಕೋ, ಒಂದ ಅಲ್ಲೇನ!" ಎಂದು ಈರಣ್ಣ ಚೀರಿದ. ಪಾಯಪ್ಪ ಆಗಲೇ ಬಾವಿಯ ಕಡೆ ನಡೆದಿದ್ದ.

ಜಾಗ ನನಗಾಯಿತು. ಮುಧೋಳಕ್ಕೆ ಹೋಗುವ ಚಕ್ಕಡಿಯಲ್ಲಿ ಪಾಯಪ್ಪನೂ ಬಂದ. ದಾರಿಯುದ್ದಕ್ಕೂ ಮಹಾಲಿಂಗಪುರದ ಬೆಲ್ಲ ಮತ್ತು ಶೇಂಗಾ ಹಂಚುತ್ತ, ಮುಧೋಳದವರ ಎತ್ತರದ ಹುಡುಗನನ್ನು ಹೇಗೆ ತಡೆಯಬೇಕೆಂದು ನನಗೇ ಹೇಳಿಕೊಡುತ್ತ ಬಂದ. ಪಂದ್ಯ ಬಿಸಿಲು ತಣಿದ ಮೇಲೆ ಶುರುವಾಯಿತು. ಅವನು ಎದುರಿನ ಕಟ್ಟೆಯ ಮೇಲೆ ಕೂತು, "ನಿಂದರೋ ಮಾಳ್ಯಾ, ಅವಸರ ಮಾಡಬ್ಯಾಡೋ!" ಎಂದು ಕೂಗುತ್ತಿದ್ದ. ಕೊನೆಗೆ ನಾನು ಮೊದಲ ಬಾರಿಗೆ ಅವನ ಹಾಗೆ ಎರಡೂ ಕೈಯಲ್ಲಿ ಹಿಡಿದು, ನಿಂತು, ಬಿಟ್ಟೆ. ಚೆಂಡು ಇಳಿಯಿತು. ಗೆದ್ದೆವು. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಅವನಿರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಆ ಊರಲ್ಲಿದ್ದ ಸೋದರತ್ತೆಯ ಮನೆಗೆ ಎದ್ದು ಹೋಗಿದ್ದ.

ಪುಣೆಯಿಂದ ಒಂದು ರಜೆಗೆ ಬಂದಾಗ ಅವನು ವಿಷಮಶೀತ ಜ್ವರದಲ್ಲಿ ಮಲಗಿದ್ದ. ಆಯಿ ತಲೆದೆಸೆಯಲ್ಲಿ ಕೂತಿದ್ದಳು. ನನಗೆ ಆಗ ವಾದದ ಹುಚ್ಚು. ಅಂಜಿಕೆಯಲ್ಲಿ ಆಡಿದ ಮಾತಿಗೆ ಕಟ್ಟುಬೀಳಬೇಕಿಲ್ಲ ಎಂದೆ. ಅವನು ಕಣ್ಣು ಮುಚ್ಚಿಕೊಂಡೇ ನಕ್ಕ.

"ಅಂಜಿಕಿ ಅಲ್ಲೋ" ಎಂದ.

"ಅದಿರಲಿ. ಖರೆ ಹೇಳು, ಅವತ್ತ ನೀ ಚೆಂಡ ಬಿಟ್ಟಿದ್ರ ಬುಟ್ಟ್ಯಾಗ ಬೀಳತಿತ್ತೇನು?"

ಅವನು ಎರಡೂ ಕೈಯನ್ನು ಎದೆಯ ಮೇಲೆ ತಂದುಕೊಂಡ. ಆಯಿ, "ದಣದಾನಪಾ, ನಾಳಿ ಬಾ" ಎಂದಳು. ಮರುದಿನ ಹೋದಾಗ ಅವನಿಗೆ ಎಚ್ಚರವಿರಲಿಲ್ಲ. ಜೀವ ಇರುವವರೆಗೆ ಎಂದು ಹಿಡಿದ ನೇಮ ಅಷ್ಟರಲ್ಲಿಯೇ ಮುಗಿಯಿತು.

ಆಮೇಲೆ ಸಂಸ್ಥಾನ ಹೋಯಿತು, ಮಾಸ್ತರರು ಹೋದರು, ಈರಣ್ಣ ಸೊಲ್ಲಾಪುರದ ಗಿರಣಿ ಸೇರಿ ಅಲ್ಲಿಯೇ ತೀರಿಕೊಂಡ. ಈಗಲೂ ಊರಿಗೆ ಹೋದರೆ ಯಾರಾದರೂ ಹಳಬರು, ಆ ಕಾಲದಲ್ಲಿ ಬುಟ್ಟಿ ಆಟದಲ್ಲಿ ಇವರನ್ನು ಮೀರಿದವರಿರಲಿಲ್ಲ ಎಂದು ನನ್ನನ್ನು ಮಕ್ಕಳಿಗೆ ತೋರಿಸುತ್ತಾರೆ. ಮೀರಿದವನಿದ್ದನೋ ಇಲ್ಲವೋ ನನಗೆ ನಿಜಕ್ಕೂ ತಿಳಿಯದು. ತಿಳಿದಿದ್ದವನೊಬ್ಬನಿದ್ದ. ಅವನು ಚೆಂಡನ್ನು ನೆಲಕ್ಕಿಟ್ಟು ಹೋದ.