ಎಕರೆ, ಗುಂಟೆ ಮತ್ತು ಎದುರು ಮನೆಯ ಸೊಸೆ

ಹೋದ ವಾರ ಮಿರಜಿನ ಝೆರಾಕ್ಸ್ ಅಂಗಡಿಯಲ್ಲಿ ಪೆನ್ಷನ್ನಿನ ಕಾಗದ ತೆಗೆಸುತ್ತಿದ್ದೆ. ಮಶೀನಿನಿಂದ ಆಗಷ್ಟೇ ಹೊರಬಿದ್ದ ಹಾಳೆಯನ್ನು ಅಂಗಡಿಯವ ಕೈಗಿತ್ತ. ಇನ್ನೂ ಬಿಸಿಯಾಗಿತ್ತು. ಆ ವಾಸನೆ ಇದೆಯಲ್ಲ, ಸುಟ್ಟ ವಾಸನೆಯೂ ಅಲ್ಲ, ಇಂಕಿನದೂ ಅಲ್ಲ... ಅದು ಮೂಗಿಗೆ ತಾಕಿದ್ದೇ ತಡ, ನಾನು ಕಾಗವಾಡದ ನನ್ನ ಅಡುಗೆಮನೆಯಲ್ಲಿದ್ದೆ. ಮೇಜಿನ ಆಚೆ ಎದುರು ಮನೆಯ ಸೊಸೆ ಕೂತಿದ್ದಳು.

ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದಿ, ನಮ್ಮೂರಿನ ದ್ರಾಕ್ಷಿ ತೋಟದ ಮನೆಗೆ ಮದುವೆಯಾಗಿ ಬಂದವಳು. ಮಧ್ಯಾಹ್ನ ಮನೆಗೆಲಸ ಮುಗಿಸಿ, ಸೆರಗಿನೊಳಗೆ ಪ್ರಿಂಟ್‌ಔಟ್ ಮರೆಮಾಡಿಕೊಂಡು ರಸ್ತೆ ದಾಟಿ ಬರುತ್ತಿದ್ದಳು. ಅವಳಿಗೆ ಕಂಪ್ಯೂಟರ್ ಬರುತ್ತಿತ್ತು, ಉದ್ದುದ್ದ ಇಂಗ್ಲಿಷ್ ವಾಕ್ಯಗಳು ಬರುತ್ತಿರಲಿಲ್ಲ. ನನ್ನದು ಪೂರ್ತಿ ಉಲ್ಟಾ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದಂತೆ ಕಾಮಾ ಬಂದಲ್ಲಿ ನಿಂತು, ಫುಲ್ ಸ್ಟಾಪ್ ಬಂದಲ್ಲಿ ಉಸಿರು ತೆಗೆದುಕೊಂಡು, ಡೇಟಾಬೇಸಿನ ಮ್ಯಾನ್ಯುಅಲ್ ಅನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಏನು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅವಳು ಮಾತ್ರ ಕಣ್ಣು ಮುಚ್ಚಿ, ಯಾರೋ ದೂರದಲ್ಲಿ ಹಾಡುತ್ತಿರುವಂತೆ ಕೇಳುತ್ತಿದ್ದಳು.

ಅವಳ ಮಾವ ಕೃಷ್ಣೆಯ ದಂಡೆಯ ಒಂದು ಏತ ನೀರಾವರಿ ಸಂಘದ ಚೇರ್ಮನ್. ಸಂಘದಲ್ಲಿ ಹೊಲದ ಅಳತೆ ನೋಡಿ ನೀರಿನ ಪಾಳಿ ಕೊಡುತ್ತಿದ್ದರು, ಯಾರಿಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ. ಎಲ್ಲಿಂದಲೋ ತಂದ ಪ್ರೋಗ್ರಾಮು ನಮ್ಮ ಎಕರೆ ಗುಂಟೆಗಳನ್ನು ಸಾದಾ ದಶಮಾಂಶವೆಂದು ತಿಳಿದಿತ್ತು. ಒಂದು ಎಕರೆ ಇಪ್ಪತ್ತೈದು ಗುಂಟೆಯ ಎರಡು ತುಂಡು ಇದ್ದವನಿಗೆ ಮೂರು ಎಕರೆ ಹತ್ತು ಗುಂಟೆ ಆಗಬೇಕಲ್ಲ, ನಲವತ್ತು ಗುಂಟೆಗೆ ಒಂದು ಎಕರೆ. ಮಶೀನು ಒಂದು ಪಾಯಿಂಟ್ ಎರಡು ಐದನ್ನು ಎರಡು ಸಲ ಕೂಡಿಸಿ ಎರಡೂವರೆ ಎಕರೆ ಎನ್ನುತ್ತಿತ್ತು. ತುಂಡು ಹೊಲದವರ ನೀರು ಹೀಗೆ ಸದ್ದಿಲ್ಲದೆ ಸೋರಿಹೋಗುತ್ತಿತ್ತು...

ಡೇಟಾಬೇಸಿಗೇ ಎಕರೆ ಗುಂಟೆ ಕಲಿಸುತ್ತೇನೆ ಎಂದಳು ಸೊಸೆ. ಹಾಗೆ ಹೊಸದನ್ನು ಕಲಿಸುವುದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರಂತೆ. ಮಾವ ಒಪ್ಪಿದರು, ಕಂಡೀಶನ್ ಹಾಕಿ. ಡೈರೆಕ್ಟರುಗಳ ಮುಂದೆ ತೋರಿಸಬೇಕು. ಸರಿಹೋದರೆ ಸಂಘದ ಕಂಪ್ಯೂಟರ್ ಕೆಲಸ ಅವಳದು. ಇಲ್ಲವಾದರೆ ಈ ಮಾತು ಮತ್ತೆ ಮನೆಯಲ್ಲಿ ಎತ್ತುವ ಹಾಗಿಲ್ಲ. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತೆಂದರೆ, ಅದರ ಬಗ್ಗೆ ಮಾತಾಡುವಾಗ ದನಿ ತಾನೇ ಸಣ್ಣದಾಗುತ್ತಿತ್ತು.

ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಬ್ಯೂಟಿಫುಲ್ ಆಗಿ ನಡೆಯಿತು. ಸಂಘದ ಆಫೀಸಿಗೆ ನಾನೂ ಜೊತೆಗೆ ಹೋದೆ. ಅಲ್ಲಿ ಸ್ಕ್ರೀನಿನ ಮೇಲೆ ಬರೀ ಎರರ್. ಅವಳು ಕಲಿಸಿದ್ದನ್ನೇ ಆ ಮಶೀನು ಗುರುತಿಸಲಿಲ್ಲ. ಟೋಪಿ ತೆಗೆದು ತಲೆ ಕೆರೆಯುತ್ತ ಒಬ್ಬ ಡೈರೆಕ್ಟರ್, ಮರಾಠಿಯಲ್ಲಿ ಸೊಸೆಯೆಂದು ಕರೆದು, "ಸೂನಬಾಯಿ, ನಿಮ್ಮ ಕೈ ಚಾ ಭಾಳ ಛಲೋ ಇರತೈತಿ ಅಂತ ಕೇಳೇನಿ," ಎಂದರು. ಎಲ್ಲ ನಕ್ಕರು. ಮಾವ ಕಿಟಕಿಯ ಹೊರಗೆ ಕಬ್ಬು ನೋಡುತ್ತ ನಿಂತಿದ್ದರು.

ಸಣ್ಣ ಹಿಡುವಳಿಯ ಒಬ್ಬ ಮುದುಕರು ಮಾತ್ರ ನಗಲಿಲ್ಲ. "ಇನ್ನೊಮ್ಮೆ ನೋಡ್ಲಿ ಬಿಡ್ರೆಪಾ. ಹಳೇದೂ ಎಲ್ಲಿ ಖರೇ ಹೇಳತಿತ್ತು?" ಎಂದರು. ಆ ಮಾತಿಗೆ ಇನ್ನೊಂದು ಸಭೆಯ ತನಕ ಅವಕಾಶ ಸಿಕ್ಕಿತು.

ಮರುದಿನ ಅವಳು ಬಂದಾಗ ಕಣ್ಣು ಊದಿದ್ದವು. ನಾನು ಚಹಾ ಇಟ್ಟು, ಬಿಟ್ಟಲ್ಲಿಂದ ಓದಲು ಶುರು ಮಾಡಿದೆ. ಡೇಟಾಬೇಸು ತನ್ನೊಳಗಿನ ಪ್ರತಿಯೊಂದಕ್ಕೂ ಒಂದು ನಂಬರ್ ಕೊಡುತ್ತದೆ, ಯಾವುದಕ್ಕೆ ಯಾವ ನಂಬರ್ ಎಂದು ತನ್ನದೇ ಸಿಸ್ಟಂ ಕೆಟಲಾಗಿನಲ್ಲಿ ಇಟ್ಟುಕೊಳ್ಳುತ್ತದೆ ಎಂದು ಬರೆದಿತ್ತು. ಇವಳು ಎಕರೆ ಗುಂಟೆಗೆ ಮನೆಯ ಮಶೀನು ಕೊಟ್ಟ ನಂಬರನ್ನೇ ತನ್ನ ಪ್ರೋಗ್ರಾಮಿನೊಳಗೆ ಬರೆದುಬಿಟ್ಟಿದ್ದಳು. ನಾನು ಮುಂದಿನ ವಾಕ್ಯ ಓದಿ, ಹೊಸದಾಗಿ ಸೇರಿಸಿದ್ದಕ್ಕೆ ಒಂದೊಂದು ಮಶೀನಿನಲ್ಲಿ ಒಂದೊಂದು ನಂಬರ್ ಬೀಳುತ್ತದೆ, ಅದನ್ನು ನಂಬಬೇಡ, ಪ್ರತಿ ಸಲ ಕೆಟಲಾಗನ್ನು ಹೆಸರು ಹಿಡಿದು ಕೇಳು ಎಂದು ಬಿಡಿಸಿ ಹೇಳಿದೆ.

ಅವಳು ಕಣ್ಣು ತೆರೆದಳು. "ಕಾಕೂ, ಇನ್ನೊಮ್ಮೆ ಓದ್ರಿ."

ಓದಿದೆ. ಅವಳು ಮೇಜಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. "ನಾ ಮನ್ಯಾಗಿನ ನಂಬರ್ ತಗೊಂಡ್ ಹೋಗಿ ಅಲ್ಲಿ ಹುಡುಕೇನಿ ನೋಡ್ರಿ. ತವರುಮನಿ ಅಡ್ರೆಸ್ ಹಿಡಕೊಂಡು ಗಂಡನ ಮನಿ ಹುಡುಕಿದಂಗ," ಎಂದಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿದಳು. ಚಹಾ ಹಾಗೇ ಬಿಟ್ಟು ಓಡಿದಳು. ಮೈ ಗಾಡ್, ಆ ಓಟ...

ಎರಡನೆಯ ಸಭೆಯಲ್ಲಿ ಆ ಮುದುಕರ ಹೊಲವನ್ನೇ ಮೊದಲು ಕೇಳಿದಳು. ಸ್ಕ್ರೀನಿನ ಮೇಲೆ ಮೂರು ಎಕರೆ ಹತ್ತು ಗುಂಟೆ ಬಂತು. ಅವರಿಗೆ ಓದಲು ಬರುತ್ತಿರಲಿಲ್ಲ. ಸೆಕ್ರೆಟರಿ ಓದಿ ಹೇಳಿದರು. ಮುದುಕರು, "ಹೂಂ. ಅಷ್ಟ ಐತಿ. ನಮ್ಮಪ್ಪನೂ ಅಷ್ಟ ಅಂತಿದ್ದ," ಎಂದರು. ಮಾವ ಎದ್ದು, ಕಂಪ್ಯೂಟರಿನ ಮುಂದಿನ ಸ್ಟೂಲು ಸರಿಸಿ, ಹಿಡಿಕೆಯಿದ್ದ ಕುರ್ಚಿಯನ್ನು ತಾವೇ ಎತ್ತಿ ತಂದಿಟ್ಟರು. ನಮ್ಮ ಕಡೆ ಗಂಡಸರು ಒಪ್ಪಿಕೊಳ್ಳುವುದು ಹಾಗೇ.

ಆ ಕುರ್ಚಿಯಲ್ಲಿ ಅವಳು ಕೆಲವು ವರ್ಷ ಕೂತಳು. ಸಂಜೆ ಸ್ಕೂಟಿ ನಿಲ್ಲಿಸಿ, ನನ್ನ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, ಇವತ್ತು ಯಾರ ಪಾಳಿ, ಯಾರ ಜಗಳ ಎಂದೆಲ್ಲ ಹೇಳುವಳು. ಆಮೇಲೆ ಜ್ವರವೆಂದರು, ಆಮೇಲೆ ರಕ್ತದ್ದೇ ಕಾಯಿಲೆ ಎಂದರು. ಮಿರಜಿನ ಆಸ್ಪತ್ರೆಯಲ್ಲಿ ನಾನು ಕೊನೆಯ ಸಲ ನೋಡಿದಾಗ ಏನಾದರೂ ಓದ್ರಿ ಕಾಕೂ ಎಂದಳು. ಪರ್ಸಿನಲ್ಲಿ ಏನೂ ಇರಲಿಲ್ಲ. ಗೋಡೆಯ ಮೇಲಿನ ವಿಸಿಟಿಂಗ್ ಅವರ್ಸ್ ಬೋರ್ಡನ್ನೇ ಕಾಮಾ ಫುಲ್ ಸ್ಟಾಪ್ ಹಿಡಿದು ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು...

ನಿನ್ನೆ ನಮ್ಮ ಹೊಲದ ಪಾಳಿ ವಿಚಾರಿಸಲು ಸಂಘಕ್ಕೆ ಹೋಗಿದ್ದೆ. ಮಶೀನು ಹೊಸದು, ಕ್ಲಾರ್ಕ್ ಹೊಸಬ. ಅವಳು ಕಲಿಸಿದ್ದು ಮಾತ್ರ ಅಲ್ಲೂ ನಡೆಯುತ್ತಿದೆ. ಮಶೀನು ಬದಲಿಸಿದಾಗ ಏನೂ ತಿದ್ದಬೇಕಾಗಲಿಲ್ಲವಂತೆ. ಅವನಿಗೆ ಬೇರೆಯದೇ ಚಿಂತೆ. "ಅಣ್ಣತಮ್ಮರು ಹೊಲಾ ಹಂಚ್ಕೊಂಡು ಗುಂಟೇದಾಗ ಆಣೆ ಬಂದಾವ್ರಿ. ಹದಿನಾರು ಆಣೆಗೆ ಒಂದು ಗುಂಟೆ. ಆ ಬಾಯಾರು ಮಾಡಿದ್ದರಾಗ ಆಣೆ ಇಲ್ಲ. ಸೇರಸಬೇಕು. ಯಾರನ್ನ ಕೇಳೂದ್ರಿ, ಅಜ್ಜಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳ ಹೆಸರು. ಗೊತ್ತಿಲ್ಲಪ್ಪ ಎಂದು ಹೊರಗೆ ಬಂದೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಯಾರದೋ ಪಾಳಿ.