ನಾಸ್ತಿಕಪ್ಪನ ಮೊಳೆಗೆ ಬಿದ್ದ ಬೀಗದ ಕೈಗಳು

ಮೇಲ್ಮಹಡಿಯ ನಿವೃತ್ತ ಟೈಪಿಸ್ಟಿಗೆ ವಠಾರದವರು ಇಟ್ಟ ಹೆಸರು ನಾಸ್ತಿಕಪ್ಪ. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ, “ದೇವರೇ ಇಲ್ಲ ಅಂದ್ಮೇಲೆ ನಿಮಗೆ ನ್ಯಾಯ ನೀತಿ ಎಲ್ಲಿಂದ ಬರ್ಬೇಕ್ರೀ?” ಅಂತ ಕೇಳಿ ಕೇಳಿ ಅವರನ್ನು ಸುಸ್ತು ಹೊಡೆಸಿದ್ದಾರೆ, ಈಗೀಗ ಅವರು ವಾದಕ್ಕಿಳಿಯದೆ “ಮಂಡಿ ನೋವು, ದಾರಿ ಬಿಡಿ” ಅಂತಾರೆ. ಹಾಗೆ ಕೇಳಿದವರೇ ಪರಊರಿಗೆ ಹೊರಟಾಗ ಮಾತ್ರ ಬೀಗದ ಕೈ ತಂದು ಕೊಡುವುದು ಅವರ ಕೈಗೇ, ಮೂರು ಹೊತ್ತೂ ದೇವರನ್ನು ನೆನೆಯುವ ಪಕ್ಕದ ಮನೆಯವರಿಗಲ್ಲ. ನಾಸ್ತಿಕಪ್ಪನವರ ಬಾಗಿಲ ಹಿಂದಿನ ಮೊಳೆಗಳಲ್ಲಿ ಇಡೀ ವಠಾರವೇ ನೇತಾಡುತ್ತದೆ. ಒಬ್ಬರ ಗಿಡಕ್ಕೆ ನೀರು, ಇನ್ನೊಬ್ಬರ ಬೆಕ್ಕಿಗೆ ಹಾಲು, ಕೆಳಮನೆಯ ಅಕ್ಕನ ದೇವರಿಗೆ ಸಂಜೆಯ ದೀಪ. ದೀಪ ಹಚ್ಚಿ, ಖಾಲಿ ಮನೆಯಲ್ಲಿ ಬೆಂಕಿ ಬಿಟ್ಟು ಹೋಗಬಾರದೆಂದು, ಅದು ಆರುವ ತನಕ ತಾವು ನಂಬದ ದೇವರೆದುರು ಆಕಳಿಸುತ್ತಾ ಕೂತಿರುತ್ತಾರೆ. ಮೊನ್ನೆ ಅಕ್ಕ ವಾಪಸು ಬಂದಾಗ, ಯಾರೂ ಕೇಳದಿದ್ದರೂ ನಾಸ್ತಿಕಪ್ಪ ತಾವೇ ಹೇಳಿದರು: “ಒಂದು ಸಂಜೆ ಜ್ವರ ಬಂದು ಮಲಗಿಬಿಟ್ಟೆ ಕಣಮ್ಮ, ದೀಪ ತಪ್ಪಿಹೋಯ್ತು.” “ನೋಡಿ, ದೇವರ ಭಯ ಇಲ್ಲದಿದ್ರೆ ಹೀಗೇ ಆಗೋದು!” ಅಂತ ಅಕ್ಕ ಗದರಿದರು, ಗದರಿ, ಮುಂದಿನ ವಾರ ಮತ್ತೆ ಹೋಗೋದಿದೆ ಅಂತ ಬೀಗದ ಕೈಯನ್ನು ಅವರ ಹತ್ತಿರವೇ ಬಿಟ್ಟು ಹೋದರು.